ಕಂಬದ ಹೊರಮೈಯ ಕೆಸರು

(ಬೇಗಾರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ವಚನವೋ ಕುಮಾರವ್ಯಾಸನೋ ಇರಬೇಕು, ಫುಟ್‌ಬಾಲ್ ಎಲ್ಲಿಂದ ಬಂತು ಮಾರಾಯರೇ ಎಂದು ಬಾಗಿಲಲ್ಲೇ ಒಬ್ಬರು ಕೇಳಿದರು. ದತ್ತಿ ಇಟ್ಟವರ ಷರತ್ತೇ ಹಾಗಿದೆ: ವರ್ಷಕ್ಕೊಮ್ಮೆ ಆಟದ ಬಗ್ಗೆ ಮಾತು, ಮಾತು ಮುಗಿದ ಮೇಲೆ ಕಾಫಿ. ಎರಡನೆಯದು ಆರಿಹೋಗದಂತೆ ಮೊದಲನೆಯದನ್ನು ಮುಗಿಸಲು ನೋಡುತ್ತೇನೆ.

ನಾನು ಡ್ರಿಲ್ ಮೇಷ್ಟ್ರಾಗಿ ದುಡಿದದ್ದು ಈ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಶಾಲೆಗಳಲ್ಲೇ. ವಾಲಿಬಾಲ್, ಕಬಡ್ಡಿಗೆ ಇಲ್ಲಿ ಹುಡುಗರು ತಾವಾಗಿ ಬರುತ್ತಾರೆ. ಫುಟ್‌ಬಾಲ್‌ಗೆ ಹನ್ನೊಂದು ಜನರನ್ನು ಹೊಂದಿಸುವುದೇ ಒಂದು ಕೆಲಸ. ಕ್ರೀಡಾಕೂಟ ಬರುವುದು ಆಗಸ್ಟಿನಲ್ಲಿ, ಜಡಿಮಳೆಯ ನಡುವೆ. ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಹತ್ತು ಗಂಟೆಗೆಲ್ಲ ಹಾಲಿನಂತೆ ಹರಿದುಹೋಗಿರುತ್ತದೆ. ಅಂಥ ಒಂದು ಪಂದ್ಯಕ್ಕೆ ನಾನು ರೆಫರಿ. ಗೋಲಿನ ಕಂಬಗಳು ಅಡಿಕೆ ಮರದವು, ಸುಣ್ಣ ಬಳಿದಿದ್ದರು. ಬಲೆ ಇರಲಿಲ್ಲ.

ಆಟ ಮುಗಿಯಲು ಎರಡೋ ಮೂರೋ ನಿಮಿಷ ಇತ್ತು. ಬಲಬದಿಯಿಂದ ಒಬ್ಬ ಹುಡುಗ ಬಾರಿಸಿದ ಚೆಂಡು ಕಂಬಕ್ಕೆ ಉಜ್ಜಿಕೊಂಡಂತೆ ಹಾದು ಹಿಂದಿನ ಗದ್ದೆಗೆ ಬಿತ್ತು. ಒಳಗಿನಿಂದ ಹೋಯಿತೋ ಹೊರಗಿನಿಂದಲೋ? ಹೊಡೆದವರ ಕಡೆಯ ಹುಡುಗರು ಕೈಯೆತ್ತಿ ಕುಣಿದರು. ಲೈನ್ಸ್‌ಮನ್ ಆಗಿದ್ದ ಮೇಷ್ಟ್ರ ಕನ್ನಡಕದ ತುಂಬ ನೀರು. ನಾನು ನಲವತ್ತು ಗಜ ದೂರದಲ್ಲಿದ್ದೆ. ವಿಷಲ್ ಊದಿ ನಡುಗೆರೆಯ ಕಡೆ ಕೈ ತೋರಿಸಿಬಿಟ್ಟೆ, ಗೋಲು. ಗೋಲಿ ಹುಡುಗ ಗಲಾಟೆ ಮಾಡಲಿಲ್ಲ. ಹತ್ತಿರ ಬಂದು, "ಸಾರ್, ಹೊರಗಿಂದ ಹೋಯ್ತು ಸಾರ್" ಅಂದ, ಅಷ್ಟೇ. ಎಲ್ಲರೂ ಚಿತ್ರಾನ್ನದ ಸಾಲಿಗೆ ಹೋದ ಮೇಲೆ ನಾನೊಬ್ಬನೇ ಆ ಕಂಬದ ಹತ್ತಿರ ಹೋದೆ. ಮಳೆ ಹೊಳವಾಗಿತ್ತು. ಕಂಬದ ಹೊರಮೈಯಲ್ಲಿ, ಮೊಣಕಾಲೆತ್ತರಕ್ಕೆ, ಬಿಳಿ ಸುಣ್ಣದ ಮೇಲೆ ಅರ್ಧಚಂದ್ರದ ಹಾಗೆ ಕೆಸರಿನ ಗುರುತು. ಚೆಂಡಿನ ಹೊಲಿಗೆಯ ಗೀರು ಕೂಡ ಅದರಲ್ಲಿ ಮೂಡಿತ್ತು. ಸಾಕ್ಷಿ ಅಲ್ಲೇ ಇತ್ತು. ಕೇಳಬೇಕಾದಾಗ ನಾನು ಕೇಳಿರಲಿಲ್ಲ.

ಇಪ್ಪತ್ತೈದು ವರ್ಷದ ಮೇಲಾಯಿತು. ಆದರೂ ಕ್ರೀಡಾಂಗಣಕ್ಕೆ ತಂತ್ರಜ್ಞಾನ ಬೇಕೇ ಬೇಡವೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಕೆಸರು.

ತೀರ್ಪುಗಾರ ತನ್ನ ಕಣ್ಣನ್ನು ನಂಬದೆ ಬೇರೊಂದು ಸಾಧನವನ್ನು ಮುಂದಿಡುವುದು ಹೊಸ ಕಾಲದ ಚಾಳಿ ಎಂದುಕೊಳ್ಳಬೇಡಿ. ನಮ್ಮ ಶೃಂಗೇರಿಗೇ ಸೇರಿದ ಕತೆಯೊಂದಿದೆ, ನೀವೆಲ್ಲ ಅಜ್ಜಿಯರ ಬಾಯಲ್ಲಿ ಕೇಳಿರುತ್ತೀರಿ. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ. ತೀರ್ಪುಗಾರ್ತಿ ಉಭಯಭಾರತಿ, ಮಂಡನಮಿಶ್ರರ ಹೆಂಡತಿ. ಗಂಡನ ಪಂದ್ಯಕ್ಕೆ ಹೆಂಡತಿಯೇ ರೆಫರಿ! ಆಕೆ ಮಾಡಿದ್ದೇನು? ಇಬ್ಬರ ಕೊರಳಿಗೂ ಒಂದೊಂದು ಹೂಮಾಲೆ ಹಾಕಿ, ಯಾರದು ಬಾಡುತ್ತದೋ ಅವರು ಸೋತಂತೆ ಎಂದು ಹೇಳಿ ಮನೆಗೆಲಸಕ್ಕೆ ಹೋದಳು. ಆಕೆಯ ಬುದ್ಧಿವಂತಿಕೆ ಇರುವುದು ಮಾಲೆಯಲ್ಲಲ್ಲ, ಆ ಮಾಲೆ ಸಭೆಗೆಲ್ಲ ಕಾಣುತ್ತಿತ್ತು ಎಂಬಲ್ಲಿ. ಪಕ್ಷಪಾತದ ಮಾತೇ ಏಳದಂತೆ ತೀರ್ಪನ್ನು ಎಲ್ಲರ ಕಣ್ಣೆದುರಿಗೆ ಇಟ್ಟಳು. ಗಂಡನ ಮಾಲೆ ಬಾಡಿದ ಮೇಲೆ, ಅರ್ಧಾಂಗಿ ನಾನಿನ್ನೂ ಸೋತಿಲ್ಲ ಎಂದು ಹೊಸ ವಾದಕ್ಕೆ ತಾನೇ ಎದ್ದು ನಿಂತಳು. ಮೇಲ್ಮನವಿಯೂ ಅಲ್ಲಿಂದಲೇ ಶುರು ಎನ್ನಿ. ಆದರೆ ಒಂದು ಮಾತು ಯೋಚಿಸಿ. ಮಾಲೆ ಬಾಡುವುದು ಮೈ ಬಿಸಿಯಾದಾಗ, ಸಿಟ್ಟು ಬಂದಾಗ. ಅದು ತಾಳ್ಮೆಯನ್ನು ಅಳೆಯಿತು, ವಾದವನ್ನಲ್ಲ. ಸಾಧನ ಯಾವುದನ್ನು ಅಳೆಯುತ್ತದೆ ಎಂಬ ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಫುಟ್‌ಬಾಲ್‌ನಲ್ಲಿ ನ್ಯಾಯಕ್ಕಾಗಿ ಬಂದ ಹಳೆಯ ಯಂತ್ರಗಳಲ್ಲೊಂದು ಯಾವುದು ಗೊತ್ತೇ? ಬಲೆ. 1889ರಲ್ಲಿ ಎವರ್ಟನ್ ತಂಡದ ಪಂದ್ಯವೊಂದರಲ್ಲಿ ಚೆಂಡು ಕಂಬದ ಯಾವ ಬದಿಯಿಂದ ಹೋಯಿತೆಂದು ಜಗಳವಾಯಿತು. ಅದನ್ನು ಕಂಡ ಜಾನ್ ಅಲೆಕ್ಸಾಂಡರ್ ಬ್ರೋಡಿ ಎಂಬ ಲಿವರ್‌ಪೂಲಿನ ಇಂಜಿನಿಯರ್, ಗೋಲಿನ ಹಿಂದೆ ದೊಡ್ಡದೊಂದು ಜೇಬು ಹೊಲಿದರೆ ಆಯಿತಲ್ಲ ಎಂದು ಯೋಚಿಸಿ ಬಲೆಗೆ ಪೇಟೆಂಟ್ ಪಡೆದ. ಮುಂದೆ ಆತ ರಸ್ತೆ, ಸುರಂಗಗಳನ್ನು ಕಟ್ಟಿ ಹೆಸರು ಮಾಡಿದ ಮನುಷ್ಯ. ಬಲೆಗೆ ವಿದ್ಯುತ್ ಬೇಡ, ಇಂಟರ್ನೆಟ್ ಬೇಡ. ಚೆಂಡು ಅದರಲ್ಲಿ ಸಿಕ್ಕಿಕೊಂಡರೆ ಮೈದಾನದ ಮೂಲೆಯಲ್ಲಿ ಕಡಲೆ ಮಾರುವವನಿಗೂ ತೀರ್ಪು ಗೊತ್ತಾಗುತ್ತದೆ.

ಬಲೆ ಬಂದರೂ ಗೆರೆಯ ಜಗಳ ಉಳಿಯಿತು. 1966ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಕೆಳಗೆ ಪುಟಿದದ್ದು ಗೆರೆಯ ಮೇಲೋ ಆಚೆಯೋ ಎಂದು ಜರ್ಮನ್ನರು ಇಂದಿಗೂ ಕೇಳುತ್ತಾರೆ. 2010ರಲ್ಲಿ ಅದೇ ಎರಡು ದೇಶಗಳ ಪಂದ್ಯ, ಈ ಸಲ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆಯಿಂದ ಸಾಕಷ್ಟು ಆಚೆ ಬಿದ್ದದ್ದು ಜಗತ್ತಿಗೆಲ್ಲ ಕಂಡಿತು, ರೆಫರಿಗೊಬ್ಬರಿಗೆ ಕಾಣಲಿಲ್ಲ. ಅದಾದ ಮೇಲೆ ಫುಟ್‌ಬಾಲ್‌ನ ನಿಯಮ ಮಾಡುವವರು ಹಟ ಬಿಟ್ಟು 2012ರಲ್ಲಿ ಗೋಲುಗೆರೆ ತಂತ್ರಜ್ಞಾನಕ್ಕೆ ಒಪ್ಪಿದರು. 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಒಂದೊಂದು ಗೋಲಿಗೂ ಏಳು ಕ್ಯಾಮೆರಾ. ಚೆಂಡು ಪೂರ್ತಿ ದಾಟಿದರೆ ರೆಫರಿಯ ಕೈಗಡಿಯಾರ ಅಲುಗುತ್ತದೆ. 2018ರಲ್ಲಿ ವಿಡಿಯೋ ಸಹಾಯಕ ರೆಫರಿ, ಅಂದರೆ ವಿಎಆರ್ ಬಂತು. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ ತಪ್ಪು, ಈ ನಾಲ್ಕರಲ್ಲಿ ಮಾತ್ರ ಆಗ ಅದು ಕೈಹಾಕಬಹುದಿತ್ತು.

ಈಗ ಕತಾರಿಗೆ ಹೋಗೋಣ. 2022ರ ವಿಶ್ವಕಪ್. ಮೈದಾನದ ಚಾವಣಿಯಡಿ ಹನ್ನೆರಡು ಕ್ಯಾಮೆರಾಗಳು ಒಬ್ಬೊಬ್ಬ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನ ಹೊಟ್ಟೆಯಲ್ಲಿದ್ದ ಸೆನ್ಸರ್ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುತ್ತಿತ್ತು. ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ಒಂದು ಗೋಲು ಆಫ್‌ಸೈಡ್ ಎಂದು ರದ್ದಾಯಿತು. ಡಿಸೆಂಬರ್ 1ರಂದು ಜಪಾನ್ ಮತ್ತು ಸ್ಪೇನ್. ಜಪಾನಿನ ಮಿತೋಮ ಗೆರೆಯ ಹೊರಗೆ ಹೋಗಿಬಿಟ್ಟಿತು ಎನ್ನಿಸಿದ ಚೆಂಡನ್ನು ಎಳೆದು ತಂದು ಒಳಗೆ ಕೊಟ್ಟ, ಗೋಲಾಯಿತು. ಟಿವಿಯಲ್ಲಿ ನೋಡಿದ ನಾನು, ಹೊರಗೆ, ಬಿಡ್ರಿ ಎಂದು ಎದ್ದೇಬಿಟ್ಟಿದ್ದೆ. ಮೇಲಿನಿಂದ ತೆಗೆದ ಚಿತ್ರ ಬಂದಾಗ ಚೆಂಡಿನ ಉಬ್ಬು ಗೆರೆಯ ಮೇಲೆ ಎರಡು ಮಿಲಿಮೀಟರ್‌ಗಿಂತ ಕಡಿಮೆ ಚಾಚಿಕೊಂಡಿತ್ತು, 1.88 ಮಿಲಿಮೀಟರ್ ಎಂದು ಪತ್ರಿಕೆಗಳು ಬರೆದವು. ಜಪಾನ್ ಗೆದ್ದಿತು. ಅದೇ ಗುಂಪಿನಲ್ಲಿದ್ದ ನಾಲ್ಕು ಬಾರಿಯ ಚಾಂಪಿಯನ್ ಜರ್ಮನಿ ಮನೆಗೆ ಹೋಯಿತು.

ಅದೇ ಕತಾರ್, ಒಂದೂವರೆ ವರ್ಷದ ನಂತರ. 2024ರ ಜೂನ್ 11. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ. ನಾಯಕ ಸುನಿಲ್ ಛೆಟ್ರಿ ಐದು ದಿನ ಮೊದಲು ಕೋಲ್ಕತ್ತದಲ್ಲಿ ವಿದಾಯ ಹೇಳಿದ್ದರು. ನಾಯಕತ್ವ ಬೆಂಗಳೂರು ಎಫ್‌ಸಿಯ ಗೋಲಿ ಗುರುಪ್ರೀತ್ ಸಿಂಗ್ ಸಂಧು ಅವರದು. ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಹಾಗೇ ಗೆದ್ದಿದ್ದರೆ ಮೂರನೇ ಸುತ್ತು. 73ನೇ ನಿಮಿಷ. ಕತಾರ್ ಆಟಗಾರನ ತಲೆಹೊಡೆತವನ್ನು ಗುರುಪ್ರೀತ್ ತಡೆದರು. ಚೆಂಡು ಅವರ ಪಕ್ಕದಿಂದ ಜಾರಿ ಗೆರೆಯ ಹೊರಗೆ, ಗೋಲಿನ ಕಂಬದ ಆಚೆ ಬದಿಗೆ ಉರುಳಿತು. ಆಟ ನಿಂತಿತೆಂದು ಭಾರತದ ಆಟಗಾರರು ಸುಮ್ಮನಾದರು. ಕತಾರಿನವನೊಬ್ಬ ಕಾಲಿನಿಂದ ಅದನ್ನು ಒಳಗೆಳೆದ, ಇನ್ನೊಬ್ಬ ಗೋಲಿಗೆ ತಳ್ಳಿದ. ರೆಫರಿ ಗೋಲು ಕೊಟ್ಟರು. ಚಿತ್ರದಲ್ಲಿ ಗೆರೆಗೂ ಚೆಂಡಿಗೂ ನಡುವೆ ಹಸಿರು ಹುಲ್ಲು ಕಾಣುತ್ತಿತ್ತು. ಕೊನೆಗೆ 2-1ರಿಂದ ಸೋತೆವು.

ಏಷ್ಯಾದ ಎರಡನೇ ಸುತ್ತಿನ ಆ ಪಂದ್ಯಗಳಿಗೆ ವಿಎಆರ್ ಇರಲಿಲ್ಲ. ಮೂರನೇ ಸುತ್ತಿನಿಂದ ಇತ್ತು. ಯಂತ್ರವಿರುವ ಸುತ್ತಿಗೆ ಹೋಗಲಾಗದಂತೆ ನಮ್ಮನ್ನು ತಡೆದದ್ದು ಯಂತ್ರವಿದ್ದರೆ ಆಗದಿದ್ದ ತಪ್ಪು. ಒಂದೂವರೆ ವರ್ಷದ ಹಿಂದೆ ಎರಡು ಮಿಲಿಮೀಟರನ್ನು ಅಳೆದ ದೇಶದಲ್ಲಿ ಈಗ ಎಲ್ಲರಿಗೂ ಕಾಣುವಷ್ಟು ಹುಲ್ಲನ್ನು ಅಳೆಯುವವರಿರಲಿಲ್ಲ. ಕ್ಯಾಮೆರಾ ಸುಳ್ಳು ಹೇಳುತ್ತದೆಯೇ ಎಂದು ಜನ ವಾದಿಸುತ್ತಾರೆ. ನನ್ನ ತಕರಾರು ಬೇರೆ: ಕ್ಯಾಮೆರಾ ಯಾರ ಪಂದ್ಯಕ್ಕೆ ಬರುತ್ತದೆ, ಯಾರದಕ್ಕೆ ಬರುವುದಿಲ್ಲ? ಭಾರತೀಯ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟಿತು. ಫಲಿತಾಂಶ ಬದಲಾಗಲಿಲ್ಲ. ಆ ದಿನ ಗುರುಪ್ರೀತ್ ಕೈಚಾಚಿ ವಾದಿಸುತ್ತಿದ್ದುದನ್ನು ನೋಡುವಾಗ ನನಗೆ ನೆನಪಾದದ್ದು ಯಾರೆಂದು ಬೇರೆ ಹೇಳಬೇಕಿಲ್ಲ.

ಹಾಗಾದರೆ ಎಲ್ಲ ಕಡೆ ವಿಎಆರ್ ತಂದರೆ ಮುಗಿಯಿತೇ? ಇಲ್ಲಿ ಅಡಿಕೆಯ ಮಾತು ಎತ್ತದೆ ನನಗೆ ದಾರಿಯಿಲ್ಲ. ಮೂಟೆ ಕಟ್ಟಿ ಮಂಡಿಗೆ ಒಯ್ದಾಗ ಎರಡು ತೀರ್ಪು ಆಗುತ್ತವೆ. ಒಂದು ತೂಕ. ಹಿಂದೆ ತಕ್ಕಡಿಯ ಮುಳ್ಳನ್ನು ದಿಟ್ಟಿಸಿ ಜಗಳವಾಡುತ್ತಿದ್ದೆವು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಅಂಕಿ ಕೆಂಪಗೆ ಹೊಳೆಯುತ್ತದೆ, ಜಗಳ ನಿಂತಿತು. ಇನ್ನೊಂದು ದರ್ಜೆ. ಇದು ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ? ಅದನ್ನು ಹೇಳುವುದು ಮುಷ್ಟಿಯಲ್ಲಿ ಅಡಿಕೆ ಹಿಡಿದು, ಒಂದೆರಡನ್ನು ಕತ್ತರಿಸಿ ನೋಡುವ ಮನುಷ್ಯ. ಧಾರಣೆಯಲ್ಲಿ ದೊಡ್ಡ ವ್ಯತ್ಯಾಸ ಬರುವುದು ಅಲ್ಲಿಯೇ. ತಕ್ಕಡಿ ಎಷ್ಟು ಚೆನ್ನಾಗಿದ್ದರೂ ದರ್ಜೆ ಹೇಳುವುದಿಲ್ಲ. ಫುಟ್‌ಬಾಲ್‌ನಲ್ಲೂ ತೂಕದ ಪ್ರಶ್ನೆಗಳಿವೆ, ದರ್ಜೆಯ ಪ್ರಶ್ನೆಗಳಿವೆ. ಕತಾರಿನ ದೋಹಾದಲ್ಲಿ ನಾವು ಸೋತದ್ದು ತೂಕದ ಪ್ರಶ್ನೆಯಲ್ಲಿ. ದರ್ಜೆಯ ಪ್ರಶ್ನೆಯೊಂದು ನಮ್ಮ ಬೆಂಗಳೂರಿನಲ್ಲೇ ಎದ್ದಿತ್ತು.

2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್, ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್. ಕೇರಳದವರು ಇನ್ನೂ ಆಟಗಾರರ ಗೋಡೆ ಕಟ್ಟುತ್ತಿದ್ದಾರೆ, ಗೋಲಿ ಜಾಗ ಸರಿಮಾಡಿಕೊಳ್ಳುತ್ತಿದ್ದಾನೆ, ಛೆಟ್ರಿ ಮೆಲ್ಲಗೆ ಚೆಂಡನ್ನು ಖಾಲಿ ಗೋಲಿಗೆ ಎತ್ತಿಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೋವಿಚ್ ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಮೈದಾನದಿಂದಲೇ ಹೊರನಡೆದರು. ಮತ್ತೆ ಬರಲಿಲ್ಲ. ಪಂದ್ಯ ಬೆಂಗಳೂರಿನದಾಯಿತು. ಕೇರಳ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ.

ಆ ರಾತ್ರಿಯಿಂದಲೇ ವಿಎಆರ್ ಬೇಕು ಎಂಬ ಕೂಗು ಎದ್ದಿತು. ವಿಎಆರ್ ಇದ್ದಿದ್ದರೆ ಏನು ನೋಡುತ್ತಿತ್ತು ಹೇಳಿ? ಚೆಂಡು ಗೆರೆ ದಾಟಿದೆ, ಅನುಮಾನವಿಲ್ಲ. ಆಫ್‌ಸೈಡ್ ಇಲ್ಲ. ಬೇಗ ಹೊಡೆಯುವ ಫ್ರೀ ಕಿಕ್‌ಗೆ ನಿಯಮದಲ್ಲಿ ಅವಕಾಶವಿದೆ. ಆದರೆ ವಿಷಲ್‌ಗೆ ಕಾಯಿರಿ ಎಂದು ರೆಫರಿ ಒಮ್ಮೆ ಸೂಚಿಸಿದರೆ ಕಾಯಲೇಬೇಕು. ಕಾಯಲು ಹೇಳಿದ್ದರು ಎಂಬುದು ಕೇರಳದವರ ಭಾವನೆ. ನನಗೆ ಗೋಡೆಯೂ ಬೇಡ, ವಿಷಲ್ಲೂ ಬೇಡ ಎಂದು ಮೊದಲೇ ಹೇಳಿದ್ದೆ ಎಂದು ಛೆಟ್ರಿ ಪಂದ್ಯದ ನಂತರ ತಿಳಿಸಿದರು. ಜಗಳ ಇದ್ದದ್ದು ಇಬ್ಬರು ಮನುಷ್ಯರ ನಡುವೆ ಏನು ಮಾತಾಯಿತು, ಏನು ಸನ್ನೆಯಾಯಿತು ಎಂಬುದರಲ್ಲಿ. ನೂರು ಕ್ಯಾಮೆರಾ ಇಟ್ಟಿದ್ದರೂ ಆ ರಾತ್ರಿ ಎರಡು ಊರುಗಳಿಗೂ ಒಪ್ಪಿಗೆಯಾಗುವ ಉತ್ತರ ಬರುತ್ತಿತ್ತು ಎಂದು ನನಗನ್ನಿಸುವುದಿಲ್ಲ. ರೆಫರಿಯ ಕೊರಳಲ್ಲಿ ಒಂದು ಮೈಕ್ ಇದ್ದು, "ಬೇಗ ಹೊಡೆಯಬಹುದು" ಎಂಬ ಮಾತು ಎಲ್ಲರಿಗೂ ಕೇಳಿದ್ದಿದ್ದರೆ ಬಹುಶಃ ಬರುತ್ತಿತ್ತು.

ಹದಿನೈದು ದಿನಕ್ಕೆ ಚಕ್ರ ತಿರುಗಿತು. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಫೈನಲ್. ಬೆಂಗಳೂರು ಪೆನಾಲ್ಟಿ ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಸೋತಿತು. ಆಟದ ಕೊನೆಯಲ್ಲಿ ಎದುರಾಳಿಗೆ ಸಿಕ್ಕ ಪೆನಾಲ್ಟಿ ಸರಿಯಲ್ಲ ಎಂಬ ಸಿಟ್ಟು ಬೆಂಗಳೂರಿನವರದು. ಲೀಗ್‌ಗೆ ವಿಎಆರ್ ತರಲೇಬೇಕು ಎಂದು ಆ ರಾತ್ರಿ ಬರೆದವರು ಬೆಂಗಳೂರು ತಂಡದ ಮಾಲೀಕ ಪಾರ್ಥ್ ಜಿಂದಾಲ್! ತಪ್ಪು ತನ್ನ ಅಂಗಳಕ್ಕೆ ಬಂದಾಗಲೇ ತಂತ್ರಜ್ಞಾನ ನೆನಪಾಗುವುದು. ಅವರನ್ನು ಹಂಗಿಸುತ್ತಿಲ್ಲ, ನಾವೆಲ್ಲರೂ ಹಾಗೆಯೇ. ಕಡಿಮೆ ಕ್ಯಾಮೆರಾಗಳ, ಕಡಿಮೆ ಖರ್ಚಿನ ವಿಎಆರ್ ತರುತ್ತೇವೆ ಎಂದು ಫೆಡರೇಷನ್ ಅಧ್ಯಕ್ಷ ಕಲ್ಯಾಣ್ ಚೌಬೆ ಆ ವರ್ಷ ಹೇಳಿದರು. 2024-25ರ ಲೀಗ್ ಮುಗಿಯುವವರೆಗೂ ಅದು ಮೈದಾನಕ್ಕೆ ಇಳಿಯಲಿಲ್ಲ.

ಯಂತ್ರ ಇದ್ದ ಕಡೆಯ ಎಡವಟ್ಟುಗಳನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಕ್ಯಾಮೆರಾ ಮಾರಲು ಬಂದವನೆಂದು ತಿಳಿದೀರಿ. 2020ರ ಜೂನ್ 17, ಇಂಗ್ಲೆಂಡಿನ ಆಸ್ಟನ್ ವಿಲ್ಲಾ ತಂಡದ ಮೈದಾನ. ವಿಲ್ಲಾದ ಗೋಲಿ ಚೆಂಡನ್ನು ಎದೆಗವಚಿಕೊಂಡು ಗೆರೆಯ ಆಚೆ ಹೋಗಿಬಿಟ್ಟ. ಏಳು ಕ್ಯಾಮೆರಾಗಳಿಗೂ ಗೋಲಿ, ಡಿಫೆಂಡರ್, ಕಂಬ ಅಡ್ಡ ಬಂದು ಚೆಂಡು ಕಾಣಲಿಲ್ಲ, ಗಡಿಯಾರ ಅಲುಗಲಿಲ್ಲ. ಗಡಿಯಾರ ಅಲುಗದ್ದರಿಂದ ರೆಫರಿ ತನ್ನ ಕಣ್ಣನ್ನೂ ನಂಬಲಿಲ್ಲ. ಆ ವರ್ಷ ವಿಲ್ಲಾ ಕೆಳಗಿನ ದರ್ಜೆಗೆ ಬೀಳದೆ ಉಳಿದದ್ದು ಒಂದೇ ಅಂಕದಿಂದ. ನನಗೆ ಹೆಚ್ಚು ಕಾಡುವುದು ಎರಡನೆಯದು. 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಗೋಲಿಗೆ ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದರು. ವಿಡಿಯೋ ಕೋಣೆಯಲ್ಲಿದ್ದವರು ಗೆರೆ ಎಳೆದು ನೋಡಿದರು, ಆಫ್‌ಸೈಡ್ ಅಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ಅವರು ತಿಳಿದಿದ್ದರು. ಪರೀಕ್ಷೆ ಮುಗಿಯಿತು, ಸರಿಯಿದೆ ಎಂದು ಹೇಳಿದರು. ಏನು ಸರಿಯಿದೆ ಎಂದು ಹೇಳಲಿಲ್ಲ. ಆಟ ಮುಂದುವರಿಯಿತು. ತಪ್ಪು ತಿಳಿಯುವಷ್ಟರಲ್ಲಿ ಆಟ ಶುರುವಾಗಿದ್ದರಿಂದ ನಿಲ್ಲಿಸುವಂತಿರಲಿಲ್ಲ. ಯಂತ್ರ ಸರಿಯಾಗಿ ಅಳೆದಿತ್ತು, ಒಂದು ವಾಕ್ಯ ತಪ್ಪಿತು. ಹಳೆಯ ಕನ್ನಡಕದ ಮೇಲಿನ ನೀರು ಬೇರೆ ರೂಪದಲ್ಲಿ ಮತ್ತೆ ಬಂದಿತ್ತು.

ಇನ್ನು ಆಫ್‌ಸೈಡ್. ಎದುರಾಳಿಯ ಗೋಲಿನ ಹತ್ತಿರ ಹೊಂಚುಹಾಕಿ ನಿಂತವನನ್ನು ತಡೆಯಲು ಹುಟ್ಟಿದ ನಿಯಮ ಅದು. ಈಗ ಕಂಕುಳಿನಿಂದ ಗೆರೆ ಎಳೆದು ತೋಳು ಎಲ್ಲಿ ಮುಗಿದು ಭುಜ ಎಲ್ಲಿ ಶುರು ಎಂದು ಹುಡುಕುತ್ತಾರೆ. ಉಭಯಭಾರತಿಯ ಮಾಲೆಯ ಹಾಗೆಯೇ, ಅಳತೆ ನಿಖರ, ಅಳೆದದ್ದು ಬೇರೆಯದು. ಕ್ರಿಕೆಟ್‌ನಲ್ಲಿ ಈ ತೊಡಕು ಕಡಿಮೆ, ಯಾಕೆಂದರೆ ಪ್ರತಿ ಎಸೆತಕ್ಕೂ ಆಟ ತಾನಾಗಿ ನಿಲ್ಲುತ್ತದೆ. ಅಲ್ಲಿಯೂ ನಮ್ಮವರು ಡಿಆರ್‌ಎಸ್, ಅಂದರೆ ತೀರ್ಪಿನ ಮರುಪರಿಶೀಲನೆ ಬೇಡವೆಂದು ವರ್ಷಗಟ್ಟಲೆ ಕೂತಿದ್ದರು. 2016ರಲ್ಲಿ ಇಂಗ್ಲೆಂಡ್ ಸರಣಿಗೆ ಒಪ್ಪಿಕೊಂಡರು. ಆಗ ತಂಡದ ಕೋಚ್ ನಮ್ಮ ಅನಿಲ್ ಕುಂಬ್ಳೆ. ಐಸಿಸಿ ಸಮಿತಿಯ ಅಧ್ಯಕ್ಷರಾಗಿ ಅಮೆರಿಕದ ಪ್ರಯೋಗಾಲಯಕ್ಕೇ ಹೋಗಿ ಆ ಯಂತ್ರಗಳ ಪರೀಕ್ಷೆಯನ್ನು ನೋಡಿಬಂದ ಇಂಜಿನಿಯರ್. ಆಗುಂಬೆ ಘಾಟಿ ಇಳಿದರೆ ಕಂಬಳದ ಕರೆಯಲ್ಲೂ ಈಗ ಲೇಸರ್ ಗೆರೆ ಇದೆ, ವಿಡಿಯೋ ಇದೆ. ಕೆಸರುನೀರು ಹಾರುವಾಗ ಯಾವ ಕೋಣದ ಮೂತಿ ಮೊದಲು ದಾಟಿತೆಂದು ಮನುಷ್ಯನ ಕಣ್ಣಿಗೆ ಗೊತ್ತಾಗುವುದಿಲ್ಲ ಎಂದು ಕಂಬಳದವರು ನಾಚಿಕೆಯಿಲ್ಲದೆ ಒಪ್ಪಿಕೊಂಡರು. ಫುಟ್‌ಬಾಲ್‌ನ ದೊಡ್ಡವರಿಗಿಂತ ಅವರೇ ವಾಸಿ.

ನನ್ನ ಅಭಿಪ್ರಾಯ ಕೇಳಿದರೆ, ಭಾರತದ ಲೀಗ್ ವಿಶ್ವಕಪ್ಪಿನ ಯಂತ್ರಕ್ಕೆ ಬಾಯಿ ಬಿಡುತ್ತ ಕೂರಬಾರದು. ಬಡ ಮೈದಾನಗಳಿಗೆ ಹೊಂದುವ ಇನ್ನೊಂದು ದಾರಿ ಬಂದಿದೆ. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ ಇಪ್ಪತ್ತು ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಅದನ್ನು ಪ್ರಯೋಗಿಸಿದರು. ವಿಡಿಯೋ ಕೋಣೆ ಇಲ್ಲ, ಅದರಲ್ಲಿ ಕೂರುವ ಜನ ಇಲ್ಲ. ಪ್ರತಿ ಕೋಚ್‌ಗೂ ಎರಡು ಮನವಿ. ತಪ್ಪಾಗಿದೆ ಎನ್ನಿಸಿದರೆ ಬೆರಳು ತಿರುಗಿಸಿ ತೋರಿಸಿ, ನಾಲ್ಕನೇ ಅಧಿಕಾರಿಯ ಕೈಗೆ ಒಂದು ಚೀಟಿ ಕೊಡಬೇಕು. ರೆಫರಿ ತಾನೇ ಗೆರೆಯ ಬದಿಯ ಟಿವಿ ನೋಡಿ ತೀರ್ಮಾನಿಸುತ್ತಾರೆ. ಮನವಿ ಸರಿಯಾಗಿದ್ದರೆ ಅದು ಖರ್ಚಾಗುವುದಿಲ್ಲ. ನಾಲ್ಕಾರು ಕ್ಯಾಮೆರಾದ ಪಂದ್ಯಕ್ಕೂ ಇದು ಸಾಕು. ಇಂಥದೊಂದು ಇದ್ದಿದ್ದರೆ ದೋಹಾದ ಹುಲ್ಲು ಕಾಣುತ್ತಿತ್ತು. ಇದರ ಜೊತೆಗೆ, ನೋಡಿ ಬಂದ ರೆಫರಿ ತನ್ನ ತೀರ್ಪನ್ನು ಮೈಕಿನಲ್ಲಿ ಜೋರಾಗಿ ಹೇಳಬೇಕು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಹಾಗೆ ಹೇಳಿಸಿದರು. ಮೈದಾನದಲ್ಲಿ ಕೂತು ನೋಡುವವನಿಗೆ ಕಾರಣ ಗೊತ್ತಾಗದ ನ್ಯಾಯ ಮನೆಯಲ್ಲಿ ಟಿವಿ ನೋಡುವವನಿಗೆ ಮಾತ್ರ ನ್ಯಾಯ.

ಕಾಫಿಯ ವಾಸನೆ ಬರುತ್ತಿದೆ. ಇಷ್ಟು ಹೊತ್ತು ಕತಾರು, ಕಂಠೀರವ ಎಂದೆಲ್ಲ ಮಾತಾಡಿದ ನಾನು ಬೆಳಿಗ್ಗೆ ಇಲ್ಲಿಗೆ ಬರುವಾಗ ದಾರಿಯ ಒಂದು ಶಾಲೆಯ ಮೈದಾನ ನೋಡಿದೆ. ಕಂಬಗಳು ಈಗ ಕಬ್ಬಿಣದವು, ಬಣ್ಣ ಚೆನ್ನಾಗಿದೆ. ಬಲೆ ಇಲ್ಲ. ಬ್ರೋಡಿಯ ಪೇಟೆಂಟಿಗೆ ನೂರಮೂವತ್ತು ವರ್ಷ ದಾಟಿತು.

ಅಧ್ಯಕ್ಷರಲ್ಲಿ ಒಂದೇ ಕೋರಿಕೆ. ಈ ಉಪನ್ಯಾಸಕ್ಕೆಂದು ನನಗೆ ಕೊಟ್ಟಿರುವ ಲಕೋಟೆಯನ್ನು ಬಿಚ್ಚದೆ ಮೇಜಿನ ಮೇಲೆ ಇಟ್ಟಿದ್ದೇನೆ. ಸಾಲದಿದ್ದರೆ ಉಳಿದದ್ದನ್ನು ಇಲ್ಲಿ ಕೂತವರು ಸೇರಿಸಿ. ಬರುವ ಆಗಸ್ಟಿನ ಮಳೆಗೆ ಮುಂಚೆ ಆ ಎರಡು ಗೋಲಿಗೂ ಬಲೆ ಕಟ್ಟಿಸಿ.